ಬೆಂಗಳೂರಲ್ಲಿ ಕೂತು ಧಾರವಾಡ ಕೇಳಲು: ಫೆರೈಟ್, ಉದ್ದ ವೈರ್, ಲೂಪ್

ರಾತ್ರಿ ಹೊತ್ತು ಬೆಂಗಳೂರಿನ ಮನೆಯಲ್ಲಿ ಧಾರವಾಡ ಆಕಾಶವಾಣಿ ಹಿಡಿಯೋದು ನನ್ನ ಹಳೇ ಚಟ. ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಬೆಂಗಳೂರಿನ 612 ಎಂಥ ಗಲಾಟೆಯನ್ನೂ ಮೀರಿ ಬರುತ್ತದೆ. 765 ಮಾತ್ರ ಸಂಜೆ ದೀಪ ಹಾಕಿದ್ದೇ ತಡ ಗೊರ್ರ್ ಅನ್ನುತ್ತದೆ.

ಮೊದಲು ರೇಡಿಯೋವನ್ನು ಬ್ಯಾಟರಿ ಮೇಲೆ ಹಾಕಿ, ಮೇನ್ ಸ್ವಿಚ್ ಆರಿಸಿದೆ. ಯುಪಿಎಸ್ ಕೂಡ ಆಫ್. ಮುಕ್ಕಾಲು ಪಾಲು ಸದ್ದು ಹೋಯಿತು. ಕಳ್ಳ ಮನೆಯೊಳಗೇ ಇದ್ದ! ಒಂದೊಂದಾಗಿ ಹಾಕಿ ನೋಡಿದಾಗ ಸಿಕ್ಕಿಬಿದ್ದವರು ಇಬ್ಬರು: ಮೊಬೈಲ್ ಚಾರ್ಜರ್, ನಡುಮನೆಯ ಎಲ್‌ಇಡಿ ಬಲ್ಬ್. ಇವುಗಳ ಒಳಗೆ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತದೆ. ಅದರಿಂದ ಹುಟ್ಟುವ ಗದ್ದಲದ ಮರಿಗಳು ಮೀಡಿಯಂ ವೇವ್ ತನಕ ಹಬ್ಬುತ್ತವೆ.

ಚಾರ್ಜರ್ ವೈರಿಗೆ ಫೆರೈಟ್ ಕ್ಲಿಪ್ (ವೈರಲ್ಲಿ ಹರಿಯುವ ಇಂಥ ಗದ್ದಲ ತಡೆಯುವ ಕಾಂತೀಯ ತುಣುಕು) ಹಾಕಿದೆ. ಏನೂ ಆಗಲಿಲ್ಲ, ದುಡ್ಡು ದಂಡ ಅಂದುಕೊಂಡೆ. ಆಮೇಲೆ ದೊಡ್ಡ ಫೆರೈಟ್ ರಿಂಗ್ ತಂದು ಅದೇ ವೈರನ್ನು ಎಂಟು ಸುತ್ತು ಸುತ್ತಿದೆ. ಆಗ ಇಳಿಯಿತು ನೋಡಿ. ತಡೆಯುವ ಶಕ್ತಿ ಸುತ್ತಿನ ಸಂಖ್ಯೆಯ ವರ್ಗದಷ್ಟು ಬೆಳೆಯುತ್ತದೆ. ಎಂಟು ಸುತ್ತು ಅಂದರೆ ಲೆಕ್ಕದಲ್ಲಿ 64 ಪಟ್ಟು. ಆದರೆ ಬಲ್ಬಿಗೆ ಸುತ್ತಲು ವೈರೇ ಇಲ್ವಲ್ಲ! ಬೇರೆ ಬಲ್ಬ್ ಹಾಕಿದೆ, ಅಷ್ಟೇ.

ಆಂಟೆನಾ ಅಂತ ಬಾಲ್ಕನಿಯಲ್ಲಿ ಹತ್ತು ಮೀಟರ್ ವೈರ್ ಎಳೆದದ್ದು ಶುದ್ಧ ದಡ್ಡತನ. ಧಾರವಾಡವೂ ಜಾಸ್ತಿ, ಗೊರಗೊರವೂ ಜಾಸ್ತಿ. ಮನೆಯ ವೈರಿಂಗ್ ಪಕ್ಕದಲ್ಲೇ ಹಾದರೆ ಇನ್ನೇನಾಗುತ್ತೆ? ಮಹಡಿ ಮೇಲೆ ಕಟ್ಟಿದ್ದರೆ ಬೇರೆ ಕಥೆ ಇರಬಹುದಿತ್ತು, ಓನರ್ ಬಿಡಲಿಲ್ಲ.

ನನಗೆ ಒಗ್ಗಿದ್ದು ಲೂಪ್, ಅಂದರೆ ತಂತಿ ಸುತ್ತಿದ ಆಂಟೆನಾ. ಎರಡಡಿ ಚೌಕದ ಮರದ ಚೌಕಟ್ಟು, ಅದರ ಮೇಲೆ ಹತ್ತು ಸುತ್ತು ತಂತಿ, ಹಳೇ ರೇಡಿಯೋದಿಂದ ಕಿತ್ತ ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹಿಡಿಯಲು ತಿರುಗಿಸುವ ಭಾಗ). ರೇಡಿಯೋ ಪಕ್ಕದಲ್ಲಿ ನಿಲ್ಲಿಸಿದರೆ ಸಾಕು, ಜೋಡಿಸುವುದೂ ಬೇಡ. ಕಂಡೆನ್ಸರ್ ತಿರುಗಿಸುತ್ತಾ ಹೋದರೆ ಒಂದು ಕಡೆ ಧಾರವಾಡ ಥಟ್ಟನೆ ಏಳುತ್ತದೆ. ಚೌಕಟ್ಟಿನ ಅಂಚು ನೋಡುವ ಕಡೆಯಿಂದ ಚೆನ್ನಾಗಿ ಬರುತ್ತದೆ, ಮುಖ ನೋಡುವ ಕಡೆಯಿಂದ ಬರುವುದು ಸತ್ತಂತಾಗುತ್ತದೆ. ಹಾಗಾಗಿ ಅಂಚನ್ನು ವಾಯವ್ಯಕ್ಕೆ ಇಟ್ಟು, ಪಕ್ಕದ ಮನೆಯ ದೀಪದ ಗೊರಗೊರ ಅಡಗುವ ತನಕ ಚೂರುಚೂರೇ ತಿರುಗಿಸುತ್ತೇನೆ. ಧಾರವಾಡ ಅಷ್ಟಕ್ಕೆಲ್ಲ ಕಡಿಮೆಯಾಗಲ್ಲ. ರೇಡಿಯೋ ಒಳಗಿನ ಫೆರೈಟ್ ಕಡ್ಡಿಗೂ ಈ ಗುಣ ಇದೆ, ಸೆಟ್ಟನ್ನೇ ತಿರುಗಿಸಿ ನೋಡಿ. ಅದು ಬಿಟ್ಟಿ ಉಪಾಯ.

ಎದುರು ಅಪಾರ್ಟ್‌ಮೆಂಟಿನ ಲಿಫ್ಟ್ ಮಾತ್ರ ಸರಿಯಾಗಿ ಧಾರವಾಡದ ದಿಕ್ಕಿನಲ್ಲೇ ಇದೆ. ಅದರ ಸದ್ದಿಗೆ ಯಾವ ಲೂಪೂ ಮದ್ದಲ್ಲ. ಅದು ಹತ್ತಿ ಇಳಿಯುವಷ್ಟು ಹೊತ್ತು ವಾಲ್ಯೂಮ್ ಇಳಿಸಿ ಕೂರುತ್ತೇನೆ.