ಬ್ಯಾಟರಿಯಲ್ಲಿ ಮಾತ್ರ ಆಫ್ ಆಗುತ್ತಿದ್ದ ಲ್ಯಾಪ್‌ಟಾಪ್: ಚಿಕ್ಕಮಗಳೂರಿನ ರಿಪೇರಿ ಅಂಗಡಿಯೊಂದರ ಅನುಭವ

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಆಲ್ದೂರಿನ ಸುತ್ತಮುತ್ತ ಎಷ್ಟೋ ಸಲ ಮರುದಿನದವರೆಗೂ ಕಾಯಬೇಕಾಗುವುದರಿಂದ, ಮನೆಯಲ್ಲಿಯೇ ಕುಳಿತು ಕಾಫಿ ಬೆಳೆಗಾರರ ಲೆಕ್ಕಪತ್ರ ಬರೆಯುವ ನನ್ನ ಕೆಲಸ ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ನಂಬಿಕೊಂಡಿದೆ. ನಾಲ್ಕು ವರ್ಷ ಹಳೆಯದಾದ ಆ ಲ್ಯಾಪ್‌ಟಾಪ್ ಕಳೆದ ಜುಲೈನಲ್ಲಿ, ಇನ್ನೂ 40% ಚಾರ್ಜ್ ಇದೆ ಎಂದು ತೋರಿಸುತ್ತಿರುವಾಗಲೇ, ಯಾವ ಸೂಚನೆಯನ್ನೂ ಕೊಡದೆ ಥಟ್ಟನೆ ಆಫ್ ಆಗತೊಡಗಿತು. ಚಾರ್ಜರ್ ಹಾಕಿಟ್ಟರೆ ದಿನವಿಡೀ ಸರಿಯಾಗಿಯೇ ಇರುತ್ತಿತ್ತು.

ಮೊದಲು ತೋರಿಸಿದ ಕಡೆಯಲ್ಲಿ, ವಿಂಡೋಸ್ ತನ್ನಲ್ಲಾದ ಘಟನೆ-ದೋಷಗಳನ್ನು ದಾಖಲಿಸಿ ತೋರಿಸುವ ‘ಈವೆಂಟ್ ವ್ಯೂವರ್‌’ನಲ್ಲಿದ್ದ ‘ಕರ್ನಲ್-ಪವರ್ 41’ ಎಂಬ ನಮೂದನ್ನು ತೋರಿಸಿ, ಮದರ್‌ಬೋರ್ಡ್ ಹೋಗಿದೆ ಎಂದಿದ್ದರು. ಹೊಸ ಲ್ಯಾಪ್‌ಟಾಪನ್ನೇ ಕೊಳ್ಳಬೇಕೇನೋ ಎಂಬ ಚಿಂತೆಯಲ್ಲಿ ಎಂ.ಜಿ. ರಸ್ತೆಯ ಪಕ್ಕದ ಈ ಸಣ್ಣ ಅಂಗಡಿಗೆ ಬಂದೆ. ಇಲ್ಲಿನ ಯುವಕರು ಸ್ಕ್ರೂ ಬಿಚ್ಚುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಚಾರ್ಜರ್ ಹಾಕಿದ್ದಾಗ ಯಾವತ್ತಾದ್ರೂ ಹೀಗೆ ಆಫ್ ಆಗಿದ್ಯಾ ಮೇಡಂ?” ಇಲ್ಲವೆಂದೆ. ವಿಂಡೋಸ್ ಸರಿಯಾಗಿ ಮುಚ್ಚದೆ ನಿಂತುಹೋಯಿತು ಎಂಬುದನ್ನಷ್ಟೇ 41ನೇ ನಮೂದು ಹೇಳುತ್ತದೆ, ಕಾರಣವನ್ನು ಅದು ಹೇಳುವುದಿಲ್ಲ ಎಂದು ಅವರು ವಿವರಿಸಿದಾಗಲೇ ನನಗೆ ಅರ್ಧ ಸಮಾಧಾನವಾಯಿತು.

ಬಳಿಕ ಅವರು ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ’ ಆದೇಶ ಕೊಟ್ಟು ಬ್ಯಾಟರಿ ವರದಿ ತೆಗೆದರು. ತಯಾರಾದಾಗಿನ ಸಾಮರ್ಥ್ಯ 41,040 ಮಿಲಿವ್ಯಾಟ್-ಅವರ್ ಎಂದಿದ್ದರೆ, ಪೂರ್ತಿ ಚಾರ್ಜ್ ಆದಾಗ ಈಗ ಹಿಡಿಯುತ್ತಿದ್ದುದು ಸುಮಾರು 24,600 ಮಾತ್ರ. ಇಷ್ಟಕ್ಕೇ ಬ್ಯಾಟರಿ ಮಾರಿ ಕಳುಹಿಸಬಹುದಿತ್ತು. ಆದರೆ ಸಾಮರ್ಥ್ಯ ತಗ್ಗಿದರೆ ಚಾರ್ಜ್ ಬೇಗ ಮುಗಿಯಬೇಕೇ ಹೊರತು 40%ರಲ್ಲಿ ಏಕೆ ಆಫ್ ಆಗಬೇಕು ಎಂಬ ಪ್ರಶ್ನೆಯನ್ನು ಅವರೇ ಎತ್ತಿ, ಪೆನ್‌ಡ್ರೈವಿನಿಂದ, ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿದರು. ಅಲ್ಲಿಯೂ ಆಫ್ ಆದದ್ದರಿಂದ ವಿಂಡೋಸ್ ಮೇಲಿನ ಅನುಮಾನ ಕಳೆಯಿತು. ಬಿಸಿಯೇ ಕಾರಣವಾಗಿದ್ದರೆ ಚಾರ್ಜರ್ ಹಾಕಿದಾಗಲೂ ಆಫ್ ಆಗಬೇಕಿತ್ತು.

ಕೊನೆಗೆ ವಿಂಡೋಸ್‌ನಲ್ಲಿಯೇ ಭಾರವಾದ ಕೆಲಸಗಳನ್ನು ಓಡಿಸಿ, ಬ್ಯಾಟರಿಯ ವೋಲ್ಟೇಜನ್ನು ಪರದೆಯ ಮೇಲೆ ನನಗೂ ಕಾಣುವಂತೆ ಇಟ್ಟರು. ಸುಮ್ಮನಿದ್ದಾಗ 11ರ ಮೇಲಿದ್ದ ಅಂಕಿ, ಕೆಲಸದ ಹೊರೆ ಬಿದ್ದೊಡನೆ ಸರಸರನೆ ಇಳಿದು, 9.4 ತೋರಿಸುತ್ತಿದ್ದಂತೆಯೇ ಪರದೆ ಕಪ್ಪಾಯಿತು. ಸರಣಿಯಲ್ಲಿ ಜೋಡಿಸಿದ ಮೂರು ಲಿಥಿಯಂ ಸೆಲ್‌ಗಳ ಬ್ಯಾಟರಿ ಇದು. ಸೆಲ್ ಹಳೆಯದಾದಂತೆ ಅದರ ಒಳಗಿನ ರೋಧ (ಕರೆಂಟಿಗೆ ಒಡ್ಡುವ ತಡೆ) ಹೆಚ್ಚುತ್ತದೆ, ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ವೋಲ್ಟೇಜ್ ಕುಸಿದಷ್ಟೂ ಅದೇ ಕೆಲಸಕ್ಕೆ ಲ್ಯಾಪ್‌ಟಾಪ್ ಇನ್ನಷ್ಟು ಕರೆಂಟ್ ಎಳೆಯುತ್ತದೆ. ಮೂರರಲ್ಲಿ ಒಂದು ಸೆಲ್ ಸೋತು 3 ವೋಲ್ಟಿನ ಆಸುಪಾಸಿಗೋ ಅದಕ್ಕಿಂತ ಕೆಳಗೋ ಇಳಿದರೂ, ಉಳಿದೆರಡು ಚೆನ್ನಾಗಿದ್ದರೂ, ರಕ್ಷಣಾ ಸರ್ಕ್ಯೂಟ್ ಇಡೀ ಬ್ಯಾಟರಿಯನ್ನು ಕಡಿದುಹಾಕುತ್ತದೆ. ನಾನು ಇಷ್ಟು ದಿನ ನಂಬಿದ್ದ ಶೇಕಡಾವಾರು ಅಂಕಿ ಬರಿಯ ಅಂದಾಜು ಎಂಬುದು ಆಗ ಮನದಟ್ಟಾಯಿತು.

ಹೊಸ ಬ್ಯಾಟರಿ ಬೆಂಗಳೂರಿನಿಂದ ಬರಲು ಐದು ದಿನ ಹಿಡಿಯಿತು. ಅಲ್ಲಿಯವರೆಗೆ ಪರದೆಯ ಬೆಳಕು ತಗ್ಗಿಸಿ, ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 70%ಕ್ಕೆ ಇಳಿಸಿಕೊಳ್ಳಲು ಹೇಳಿದ್ದರು. ಹಾಗೆ ಮಾಡಿದ ಮೇಲೆ 25%ರವರೆಗೂ ಆಫ್ ಆಗದೆ ಕೆಲಸ ನಡೆಯಿತು. ಪರೀಕ್ಷೆಗೆ 300 ರೂಪಾಯಿ, ಬ್ಯಾಟರಿಗೆ 3,400 ರೂಪಾಯಿ ಆಯಿತು. ಆರು ತಿಂಗಳ ವಾರಂಟಿಯನ್ನು ಬಿಲ್ಲಿನಲ್ಲಿಯೇ ಬರೆದುಕೊಟ್ಟಿದ್ದಾರೆ. ಬೇರೆಯವರ ಲೆಕ್ಕಪತ್ರಗಳಿರುವ ಯಂತ್ರವಾದ್ದರಿಂದ, ಪಾಸ್‌ವರ್ಡ್ ಕೇಳದೆ ನನ್ನ ಕೈಯಿಂದಲೇ ಒತ್ತಿಸಿದ್ದು ನನಗೆ ಬಹಳ ಹಿಡಿಸಿತು.

ಒಂದು ಅಸಮಾಧಾನವೂ ಇದೆ. ಬ್ಯಾಟರಿ ಬಂದ ಕೂಡಲೇ ಫೋನ್ ಮಾಡುವುದಾಗಿ ಹೇಳಿ ಮಾಡಲಿಲ್ಲ. ನಾಲ್ಕನೆಯ ದಿನ ಬಸ್ಸಿನಲ್ಲಿ ಬಂದು ಬರಿಗೈಯಲ್ಲಿ ಮರಳಿದೆ. ದೂರದ ಊರುಗಳಿಂದ ಬರುವವರು ತಾವೇ ಮೊದಲು ಫೋನ್ ಮಾಡಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೊಸ ಬ್ಯಾಟರಿ ಹಾಕಿದ ದಿನ ಅದೇ ಹೊರೆಯ ಪರೀಕ್ಷೆಯನ್ನು ಮತ್ತೆ ನನ್ನೆದುರೇ ಮಾಡಿದರು: 40%ರಲ್ಲಿಯೂ ವೋಲ್ಟೇಜ್ 10.8ಕ್ಕಿಂತ ಕೆಳಗಿಳಿಯಲಿಲ್ಲ.