‘ಘನತೆ’ಯನ್ನು ಹುಡುಕಿದಾಗ: ಒಂದು ನಿಘಂಟು ಆ್ಯಪಿನ ವಿಮರ್ಶೆ

ಇಂಗ್ಲಿಷ್–ಕನ್ನಡ ನಿಘಂಟಿನ ಆ್ಯಪೊಂದನ್ನು ಅನುವಾದದ ಕೆಲಸಕ್ಕಾಗಿ ಕೆಲಕಾಲದಿಂದ ಬಳಸುತ್ತಿದ್ದೇನೆ. ಇಂಟರ್ನೆಟ್ ಇಲ್ಲದಿದ್ದರೂ ಅದು ತೆರೆದುಕೊಳ್ಳುತ್ತದೆ, ಹುಡುಕಾಟ ಚುರುಕಾಗಿದೆ, ಅಕ್ಷರಗಳು ಕಣ್ಣಿಗೆ ಹಿತವಾಗಿವೆ. ಆದರೆ ನಿಘಂಟಿನ ಯೋಗ್ಯತೆ ತಿಳಿಯುವುದು ತೂಕದ ಪದಗಳಲ್ಲಿ. ಆದ್ದರಿಂದ ಇಲ್ಲಿ ‘ಡಿಗ್ನಿಟಿ’ ಎಂಬ ಒಂದೇ ನಮೂದನ್ನು ಎತ್ತಿಕೊಳ್ಳುತ್ತೇನೆ.

ಆ್ಯಪು ಕೊಡುವ ಉತ್ತರ: ‘ಘನತೆ, ಗೌರವ, ಮರ್ಯಾದೆ, ಗಾಂಭೀರ್ಯ, ದೊಡ್ಡಸ್ತಿಕೆ’. ಒಂದೂ ತಪ್ಪಲ್ಲ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿ ಕನ್ನಡದಲ್ಲಿ ‘ಘನತೆ’ ಎಂದರೆ, ನಮ್ಮ ಸಂವಿಧಾನದ ಪ್ರಸ್ತಾವನೆ ‘ವ್ಯಕ್ತಿ ಗೌರವ’ ಎನ್ನುತ್ತದೆ. (ಘನ, ಗುರು ಎಂಬ ಇವುಗಳ ಮೂಲಪದಗಳೆರಡರಲ್ಲೂ ಭಾರದ ಅರ್ಥವೇ ಇದೆ.) ಆದರೆ ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿದ ಮಾತ್ರಕ್ಕೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಗೌರವವನ್ನು ಕೊಡಬಹುದು, ಸಲ್ಲಿಸಬಹುದು, ‘ಗೌರವಿಸು’ ಎಂದು ಕ್ರಿಯಾಪದವನ್ನೇ ಮಾಡಬಹುದು; ಘನತೆಯಿಂದ ಅಂಥ ಕ್ರಿಯಾಪದ ಹುಟ್ಟುವುದಿಲ್ಲ, ಅದನ್ನು ಕಾಪಾಡಿಕೊಳ್ಳುತ್ತೇವೆ, ಅದಕ್ಕೆ ಕುಂದು ಬರುತ್ತದೆ, ಧಕ್ಕೆಯಾಗುತ್ತದೆ. ಮರ್ಯಾದೆಯನ್ನಂತೂ ನಾಲ್ಕು ಜನರ ಮುಂದೆ ತೆಗೆಯಲೂಬಹುದು. ‘ಮರ್ಯಾದೆಯಿಂದ ಹೇಳ್ತಿದ್ದೀನಿ’ ಎಂಬುದು ಬೆದರಿಕೆಯೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾವ ನಾಮಪದಕ್ಕೆ ಯಾವ ಕ್ರಿಯಾಪದ ಹೊಂದುತ್ತದೆ ಎಂಬ ಮಾಹಿತಿಯೇ ಈ ನಮೂದಿನಲ್ಲಿಲ್ಲ.

ಉದಾಹರಣೆಯ ವಾಕ್ಯ ಇನ್ನೂ ನಿರಾಶೆ ಹುಟ್ಟಿಸುತ್ತದೆ: ‘ಅವಳು ಘನತೆಯೊಂದಿಗೆ ಉತ್ತರಿಸಿದಳು’. ‘ಒಂದಿಗೆ’ ಎಂಬುದು ಮುಖ್ಯವಾಗಿ ಜೊತೆಗಿರುವುದನ್ನು ಹೇಳುತ್ತದೆ. ನಡೆನುಡಿಯ ರೀತಿಯನ್ನು ಹೇಳಲು ತೃತೀಯಾ ವಿಭಕ್ತಿಯ ‘ಇಂದ’ ಇದೆ. ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದ ಹಕ್ಕನ್ನು ಕನ್ನಡದಲ್ಲಿ ‘ಘನತೆಯಿಂದ ಸಾಯುವ ಹಕ್ಕು’ ಎಂದು ಬರೆಯುವುದು ಇದಕ್ಕಾಗಿಯೇ. ಆಹ್ವಾನ ಪತ್ರಿಕೆಗಳಲ್ಲಿ ರಾಜ್ಯಪಾಲರ ಹೆಸರಿನ ಹಿಂದೆ ಬರುವ ‘ಘನತೆವೆತ್ತ’ ಎಂಬ ರೂಪವನ್ನು ಹುಡುಕಿದರೆ ‘ಫಲಿತಾಂಶವಿಲ್ಲ’ ಎಂಬ ಉತ್ತರ ಬರುತ್ತದೆ. ಪಡೆದ ಎಂಬರ್ಥದ ಹಳಗನ್ನಡದ ‘ಪೆತ್ತ’ ಸಂಧಿಯಲ್ಲಿ ‘ವೆತ್ತ’ ಆಗಿದೆಯೆಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲೇ ಅರ್ಥದ ಪಕ್ಕದಲ್ಲಿ ಕಾವ್ಯಗಳ, ಗಾದೆಗಳ ಪ್ರಯೋಗಗಳಿದ್ದವು ಎಂಬುದನ್ನು ನೆನೆದರೆ, ಚಂದಾ ಪಡೆಯುವ ಇಂದಿನ ಆ್ಯಪಿಗೆ ಈ ಕೊರತೆ ಶೋಭಿಸುವುದಿಲ್ಲ. ಇಂಗ್ಲಿಷ್ ಪುಸ್ತಕ ಓದುವಾಗ ಅರ್ಥ ನೋಡಿಕೊಳ್ಳುವವರಿಗೆ ಇದರ ಉಚಿತ ಆವೃತ್ತಿ ಧಾರಾಳವಾಗಿ ಸಾಕು. ಕನ್ನಡದಲ್ಲಿ ಬರೆಯುವವರು ಚಂದಾ ಕಟ್ಟುವ ಮುನ್ನ ಇಂಥ ಎರಡು ಮೂರು ಪದಗಳನ್ನು ತಾವೇ ಹುಡುಕಿ ನೋಡುವುದು ಒಳ್ಳೆಯದು. ನನ್ನ ಅಂಕ ಐದಕ್ಕೆ ಎರಡೂವರೆ.