ಆಡಿದ ಬ್ಯಾಟು, ಜೆರ್ಸಿಗೆ ಎನ್‌ಟ್ಯಾಗ್ 424 ಡಿಎನ್‌ಎ: ಕರಾವಳಿಯ ಮಳೆಗಾಲ ದಾಟಿಸಿದ ಮೇಲಿನ ವಿಮರ್ಶೆ

ಪಂದ್ಯದಲ್ಲಿ ಬಳಸಿದ ಬ್ಯಾಟು, ಚೆಂಡು, ಜೆರ್ಸಿಗಳ ಅಸಲಿತನಕ್ಕೆ ಎನ್‌ಎಫ್‌ಸಿ ಟ್ಯಾಗ್ (ಫೋನ್ ಹತ್ತಿರ ಹಿಡಿದು ಓದುವ ಸಣ್ಣ ಚಿಪ್ಪಿನ ಸ್ಟಿಕ್ಕರ್) ಕೊಳ್ಳಬಹುದೇ ಎಂದು ಮಂಗಳೂರು, ಉಡುಪಿ ಕಡೆಯ ಕ್ಲಬ್ಬುಗಳವರೂ ಸಂಗ್ರಾಹಕರೂ ಕೇಳುತ್ತಿರುತ್ತಾರೆ. ಕೊಳ್ಳಿ, ಆದರೆ ಮೈದಾನದಲ್ಲೇ ಅಂಟಿಸುವ ಏರ್ಪಾಡು ಇದ್ದರೆ ಮಾತ್ರ. ಅಂಟಿಸಿದ ಹೊತ್ತಿನಿಂದ ಈಚೆಗೆ ಏನಾಯಿತು ಎಂಬುದಕ್ಕಷ್ಟೇ ಚಿಪ್ ಸಾಕ್ಷಿ. ಅದಕ್ಕೂ ಮೊದಲಿನದಕ್ಕೆ ಮನುಷ್ಯರೇ ಸಾಕ್ಷಿಯಾಗಬೇಕು. ಮಾರನೆಯ ದಿನ ಮನೆಯಲ್ಲಿ ಅಂಟಿಸಿದರೆ ಬೇರೆ ಯಾವುದೋ ಬ್ಯಾಟಿಗೂ ಅಷ್ಟೇ ಭದ್ರವಾದ ಪ್ರಮಾಣಪತ್ರ ಸಿಕ್ಕಿಬಿಡುತ್ತದೆ.

ಇದು ಜಿಪಿಎಸ್ ಅಲ್ಲ. ವಸ್ತು ಎಲ್ಲಿದೆ ಎಂದು ಟ್ಯಾಗ್ ತಾನಾಗಿ ಹೇಳುವುದಿಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ. ಫೋನನ್ನು ಒಂದೆರಡು ಸೆಂಟಿಮೀಟರ್ ಹತ್ತಿರ ಹಿಡಿದಾಗ 13.56 ಮೆಗಾಹರ್ಟ್ಸ್ ಅಲೆಯಿಂದ ಶಕ್ತಿ ಪಡೆದು ಒಂದು ಲಿಂಕ್ ಕೊಡುತ್ತದೆ, ಅಷ್ಟೆ. ಅಗ್ಗದ ಎನ್‌ಟ್ಯಾಗ್ 213 ಸ್ಟಿಕ್ಕರಿನಲ್ಲಿ ಈ ಲಿಂಕ್ ಸಾಮಾನ್ಯವಾಗಿ ಒಂದೇ. ಸಂಖ್ಯೆ ತಿದ್ದಬಹುದಾದ ಖಾಲಿ ಚಿಪ್‌ಗಳು ಸಿಗುವುದರಿಂದ ಅದರ ಗುರುತಿನ ಸಂಖ್ಯೆಯನ್ನೂ ನಕಲು ಮಾಡಬಹುದು. ಅದೇ ಎನ್‌ಟ್ಯಾಗ್ ಸಾಲಿನ 424 ಡಿಎನ್‌ಎಯಲ್ಲಿ ಪ್ರತಿ ಸಲವೂ ಲಿಂಕ್ ಬದಲಾಗುತ್ತದೆ: ಒಳಗಿನ ಎಣಿಕೆ ಮುಂದೆ ಹೋಗುತ್ತದೆ, 128 ಬಿಟ್‌ನ ಎಇಎಸ್ ಎಂಬ ಗೂಢಲಿಪಿಯ ಕೀಲಿಯಿಂದ ಹೊಸ ಸಹಿ ಹುಟ್ಟುತ್ತದೆ, ಸರ್ವರ್ ಅದನ್ನು ಪರೀಕ್ಷಿಸುತ್ತದೆ. ಹಳೆಯ ಲಿಂಕನ್ನು ನಕಲು ಮಾಡಿ ಬೇರೆ ಟ್ಯಾಗ್‌ಗೆ ಬರೆದರೆ ಎಣಿಕೆ ಹಿಂದೆ ಬಿದ್ದು ಸಿಕ್ಕಿಬೀಳುತ್ತದೆ. ಬೆಲೆ 213ರ ಹಲವು ಪಟ್ಟು, ಆದರೂ ಮಾರಾಟಕ್ಕೆ ಹೋಗುವ ವಸ್ತುವಿಗೆ ಇದಕ್ಕಿಂತ ಕಡಿಮೆಯದನ್ನು ಹಾಕಬೇಡಿ.

ಕೊಂಡ ಕೂಡಲೇ ನೋಡಬೇಕಾದದ್ದು ಕೀಲಿಗಳು. ಕಾರ್ಖಾನೆಯಿಂದ ಬರುವಾಗ ಎಲ್ಲ ಕೀಲಿಗಳೂ ಸೊನ್ನೆಗಳೇ. ಅವನ್ನು ಬದಲಾಯಿಸದೆ ಕೊಟ್ಟ ಟ್ಯಾಗನ್ನು ಯಾರು ಬೇಕಾದರೂ ಮರುಬರೆಯಬಹುದು. ಟ್ಯಾಗ್ ಕೊಡುವವರು ಪ್ರತಿ ಚಿಪ್‌ಗೂ ಬೇರೆ ಕೀಲಿ ಹಾಕುತ್ತಾರೆಯೇ ಎಂದು ಲಿಖಿತವಾಗಿ ಕೇಳಿ. ಇನ್ನೊಂದು ವಿಷಯ: ಫೋನ್ ಸ್ವಲ್ಪ ಹೊತ್ತು ಹಿಡಿದರೆ ಒಂದೇ ಸಲಕ್ಕೆ ಎರಡು ಮೂರು ಬಾರಿ ಓದಿಬಿಡುತ್ತದೆ, ಎಣಿಕೆ 14ರಿಂದ 17ಕ್ಕೆ ಜಿಗಿಯುತ್ತದೆ. ಅದು ಮೋಸವಲ್ಲ. ಮುಂದಕ್ಕೆ ಜಿಗಿದರೂ "ಸಂಶಯಾಸ್ಪದ" ಎಂದು ತೋರಿಸುವ ಸೇವೆ ಸರಿಯಾಗಿ ಬರೆದದ್ದಲ್ಲ.

ಮೈದಾನದ ಕೆಲಸವೇ ಇದರಲ್ಲಿ ಮುಖ್ಯ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2001ರಲ್ಲಿ ತನ್ನ ದೃಢೀಕರಣ ವ್ಯವಸ್ಥೆ ಆರಂಭಿಸಿದಾಗ ಪೊಲೀಸ್ ಹಿನ್ನೆಲೆಯವರನ್ನು ಮೈದಾನದಲ್ಲಿ ಕೂರಿಸಿತು. ತಮ್ಮ ಕಣ್ಣೆದುರು ಆಡಿದ್ದಕ್ಕೆ ಮಾತ್ರ ಅವರು ಹಾಲೊಗ್ರಾಮ್ ಅಂಟಿಸುತ್ತಾರೆ. 2022ರಲ್ಲಿ ಬೇಸ್‌ಬಾಲ್ ಆಟಗಾರ ಆರನ್ ಜಡ್ಜ್ ಅಮೆರಿಕನ್ ಲೀಗಿನ ಹೋಮ್ ರನ್ ದಾಖಲೆಯ ಹತ್ತಿರ ಬಂದಾಗ ಅವರಿಗೆ ಎಸೆಯುವ ಚೆಂಡುಗಳಿಗೆ ಮೊದಲೇ ಗುಟ್ಟಿನ ಗುರುತು ಹಾಕಿದ್ದರು. ಗುರುತು ಆಟಕ್ಕೆ ಮುಂಚೆ, ಟ್ಯಾಗ್ ಆಟ ಮುಗಿದ ಕೂಡಲೇ ಎಂಬ ಈ ಕ್ರಮ ಮಂಗಳೂರಿನ ನೆಹರೂ ಮೈದಾನದ ಕ್ರಿಕೆಟಿಗೂ ಉಡುಪಿಯ ಅಜ್ಜರಕಾಡಿನ ಕಬಡ್ಡಿಗೂ ಹೊಂದುತ್ತದೆ. ಟಾಸಿಗೆ ಮೊದಲು ಬ್ಯಾಟಿನ ಎದುರು, ಬೆನ್ನು, ಎರಡೂ ಅಂಚು, ತುದಿ ಇಷ್ಟರ ಫೋಟೋ ತೆಗೆಯಿರಿ. ಬೆಳಕು ಪಕ್ಕದಿಂದ ಬೀಳಲಿ, ಮರದ ಗೆರೆಗಳು ಎದ್ದು ಕಾಣುತ್ತವೆ. ಎರಡು ಬ್ಯಾಟುಗಳ ಗೆರೆ ಹೊಂದುವುದಿಲ್ಲವಾದ್ದರಿಂದ ಕೊನೆಗೆ ವಾದ ಬಂದಾಗ ಉಳಿಯುವುದು ಈ ಫೋಟೋಗಳೇ. ಯೂಟ್ಯೂಬ್ ನೇರಪ್ರಸಾರವನ್ನು ನೆಚ್ಚಬೇಡಿ, ಬೌಂಡರಿ ಆಚೆಯ ಕ್ಯಾಮೆರಾದಲ್ಲಿ ಗೆರೆ ಕಾಣುವುದಿಲ್ಲ. ಸೆಕೆಂಡಿನ 1/1000 ಭಾಗದ ಶಟರಿನಲ್ಲಿ ಆಟದ ನಡುವೆ ತೆಗೆದ ನಾಲ್ಕಾರು ಹತ್ತಿರದ ಚಿತ್ರಗಳು ಇರಲಿ.

ದಾಖಲೆ ತುಂಬುವಾಗ "ಆಟದಲ್ಲಿ ಬಳಸಿದ್ದು" ಮತ್ತು "ಆಟಗಾರರಿಗೆ ಕೊಟ್ಟದ್ದು" ಎರಡನ್ನೂ ಬೇರೆ ಬೇರೆ ಇಡಿ. ಒಂದು ಪಂದ್ಯಕ್ಕೆ ಎರಡು ಮೂರು ಜೆರ್ಸಿ ಕೊಡುವುದುಂಟು. ಬೆಂಚಿನಲ್ಲಿ ಮಡಚಿ ಇಟ್ಟದ್ದಕ್ಕೂ ಬೆವರಿಳಿಸಿ ಆಡಿದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ, ಮೋಸ ಹೆಚ್ಚಾಗಿ ನುಸುಳುವುದೂ ಇಲ್ಲೇ.

ಅಂಟಿಸುವ ಜಾಗ ವಸ್ತುವಿಗೆ ತಕ್ಕಂತೆ. ಬ್ಯಾಟಾದರೆ ಬೆನ್ನಿನ ಮೇಲ್ಭಾಗ, ಬರಿ ಮರದ ಮೇಲೆ. ಕಂಪನಿಯ ಸ್ಟಿಕ್ಕರ್ ಅಥವಾ ಮೇಲಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಅಂಟಿಸಿದರೆ ಸ್ಟಿಕ್ಕರ್ ಸಮೇತ ಎಬ್ಬಿಸಿ ಬೇರೆ ಬ್ಯಾಟಿಗೆ ಸಾಗಿಸಬಹುದು. ಅಗಸೆ ಎಣ್ಣೆ ಕುಡಿದ ಮರದಲ್ಲಿ ಅಂಟು ಹಿಡಿಯದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅಷ್ಟಗಲ ಮಾತ್ರ ಒರೆಸಿ, ಒಣಗಿಸಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಅಕ್ರಿಲಿಕ್ ಅಂಟಿಗೆ ಪೂರ್ತಿ ಬಲ ಬರಲು 72 ಗಂಟೆ ಬೇಕು. ಚೆಂಡಿಗೆ ಈ ಉಪಾಯ ಬೇಡ: ಆಲ್ಕೋಹಾಲ್ ತಾಗಿದರೆ ಚರ್ಮದ ಹೊಳಪು ಹೋಗುತ್ತದೆ, ಬಳಕೆಯ ಸಾಕ್ಷಿಯೇ ಅಳಿಯುತ್ತದೆ. ಚೆಂಡನ್ನು ಅಕ್ರಿಲಿಕ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಳದ ಸಂದಿಗೆ ಅಡ್ಡಲಾಗಿ ಟ್ಯಾಂಪರ್ ಟ್ಯಾಗ್ (ತೆರೆದರೆ ಗುರುತು ಉಳಿಯುವ ಮಾದರಿ) ಹಾಕಿ. ಮುದ್ರೆ ಇರುವುದು ಪೆಟ್ಟಿಗೆಗೆ, ಚೆಂಡಿಗಲ್ಲ ಎಂದು ದಾಖಲೆಯಲ್ಲಿ ಬರೆದು, ಹೊಲಿಗೆ ಕಾಣುವಂತೆ ಆರು ದಿಕ್ಕಿನ ಫೋಟೋ ಸೇರಿಸಿ.

ಟ್ಯಾಂಪರ್ ಮಾದರಿಯಲ್ಲಿ ಒಂದು ತೆಳು ತಂತಿಯ ಸುತ್ತು ಇರುತ್ತದೆ. ತುಂಡಾದ ಮೇಲೆ ಒಮ್ಮೆ ಓದಿದರೆ "ತೆರೆದಿದೆ" ಎಂದು ಚಿಪ್‌ನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಆದರೆ ಚಿಪ್‌ಗೆ ಶಕ್ತಿ ಬಂದಾಗ ಮಾತ್ರ ಈ ಪರೀಕ್ಷೆ ನಡೆಯುವುದು. ನಡುವೆ ಯಾರೂ ಓದದಿದ್ದಾಗ ಕತ್ತರಿಸಿ ಮತ್ತೆ ಜೋಡಿಸಿದರೆ ಅದಕ್ಕೆ ತಿಳಿಯದು. ಹಾಗಾಗಿ ವಸ್ತು ಕೈಬದಲಾಗುವಾಗಲೆಲ್ಲ ಇಬ್ಬರೂ ಎದುರಿದ್ದು ಓದಿ. ಜೆರ್ಸಿಗೆ ಟ್ಯಾಂಪರ್ ಮಾದರಿ ಹಾಕಬಾರದು, ಬಟ್ಟೆ ಮಡಚಿದಾಗ ತಂತಿ ತಾನೇ ಮುರಿಯುತ್ತದೆ. ಕೆಳ ಅಂಚಿನ ಒಳಗೆ ಹೊಲಿಯುವ ಬಟ್ಟೆಯ ಟ್ಯಾಗ್ ಒಳ್ಳೆಯದು. ಹೊಲಿಗೆಯ ಫೋಟೋ ಇರಲಿ, ಇಸ್ತ್ರಿ ಬೇಡ, ಒಗೆಯುವುದಂತೂ ಬೇಡವೇ ಬೇಡ. ಹೆಲ್ಮೆಟಿನ ಕಬ್ಬಿಣದ ಜಾಲರಿ, ಪದಕ, ಟ್ರೋಫಿಗಳಿಗೆ ಲೋಹದ ಅಡ್ಡಿ ತಡೆಯುವ ಫೆರೈಟ್ ಪದರ ಇರುವ ಟ್ಯಾಗೇ ಆಗಬೇಕು, ಸಾದಾ ಟ್ಯಾಗ್ ಲೋಹದ ಮೇಲೆ ಓದುವುದೇ ಇಲ್ಲ.

ನಮ್ಮ ಊರಿನ ಹವೆಯೇ ಇದಕ್ಕೆ ದೊಡ್ಡ ಪರೀಕ್ಷೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಾಗದದ ಮುಖವಿರುವ ಟ್ಯಾಗ್ ಉಬ್ಬಿ ಮೂಲೆ ಬಿಡುತ್ತದೆ. ಪಾಲಿಯೆಸ್ಟರ್ ಹಾಳೆಯ ದುಂಡನೆಯ ಟ್ಯಾಗ್ ನಿಲ್ಲುತ್ತದೆ. ಏಳಲು ಅದಕ್ಕೆ ಮೂಲೆಯೇ ಇಲ್ಲ. ಮೂಲೆ ಎದ್ದ ಟ್ಯಾಗನ್ನು ಮತ್ತೆ ಒತ್ತಿ ಸರಿಮಾಡಬೇಡಿ, ಕೊಳ್ಳುವವರಿಗೆ ಅದು ಕಿತ್ತು ಹಚ್ಚಿದಂತೆಯೇ ಕಾಣುವುದು. ಚಿಪ್‌ಗಿಂತ ಮೊದಲು ಕೆಡುವುದು ವಸ್ತು: ಜೆರ್ಸಿಗೆ ಬೂಸ್ಟು, ಚೆಂಡಿನ ಚರ್ಮಕ್ಕೆ ಬಿಳಿ ಕಲೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, 10 ಲೀಟರಿಗೆ 50 ಗ್ರಾಂನಂತೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ ಸಾಕು. ಶೇ. 45ರಿಂದ 55ರ ನಡುವೆ ಇರಲಿ. ತೀರಾ ಒಣಗಿದರೆ ವಿಲ್ಲೋ ಮರ ಸೀಳುತ್ತದೆ.

ಕಂಬಳದ ನೊಗ, ಹಲಗೆಗೂ ಹಾಕಬಹುದೇ ಎಂಬ ಪ್ರಶ್ನೆ ಬರುತ್ತದೆ. ಮತ್ತೆ ಗದ್ದೆಗಿಳಿಯುವುದಕ್ಕೆ ಬೇಡ, ಕೆಸರಿನ ಉಜ್ಜಾಟಕ್ಕೆ ಯಾವ ಅಂಟೂ ನಿಲ್ಲದು. ಕೊನೆಯ ಓಟ ಮುಗಿಸಿ ಮೇಲೆ ಬಂದಾಗ, ಗುರುತಿನ ಫೋಟೋ ಮೊದಲೇ ಇದ್ದರೆ, ತೊಳೆಯದೆ ಕಬ್ಬಿಣದ ಪಟ್ಟಿಯಿಂದ ದೂರದಲ್ಲಿ ಒಂದು ಅಂಗೈಯಗಲ ಒರೆಸಿ ಅಂಟಿಸಿ. ಹಿಂದಿನ ವರ್ಷಗಳ ಗೆಲುವುಗಳನ್ನು "ಮನೆಯವರ ಹೇಳಿಕೆ" ಎಂಬ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಅದಕ್ಕೂ ಗೌರವವಿದೆ, ಆದರೆ ಅದು ಕಣ್ಣಾರೆ ಕಂಡ ಸಾಕ್ಷಿಯಲ್ಲ.

ಓದಿಸುವಾಗಿನ ತೊಂದರೆ ಸಣ್ಣದು. ಐಫೋನ್ ಎಕ್ಸ್‌ಎಸ್ ಮತ್ತು ನಂತರದವು ಆ್ಯಪ್ ಇಲ್ಲದೆ ಓದುತ್ತವೆ, ತಾಗಿಸಬೇಕಾದದ್ದು ಮೇಲಿನ ಅಂಚು. ಆಂಡ್ರಾಯ್ಡ್‌ನಲ್ಲಿ ಎನ್‌ಎಫ್‌ಸಿ ಆನ್ ಇರಬೇಕು; ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದೇ ಇರುವುದಿಲ್ಲ. ಅಂಥವರಿಗಾಗಿ ಕ್ಯೂಆರ್ ಕೋಡ್ ಮುದ್ರಿಸಿದರೆ ತಪ್ಪಿಲ್ಲ, ಆದರೆ ಆ ಪುಟದಲ್ಲಿ "ಚಿಪ್ ಪರೀಕ್ಷೆ ನಡೆದಿಲ್ಲ" ಎಂದು ದಪ್ಪ ಅಕ್ಷರದಲ್ಲಿ ಇರಲೇಬೇಕು.

ಚಂದಾ ಕಟ್ಟುವ ಮೊದಲು ಸೇವೆ ಕೊಡುವವರಿಂದ ಎರಡು ವಿಷಯ ಬರೆಸಿಕೊಳ್ಳಿ: ಲಿಂಕ್ ನಿಮ್ಮದೇ ಡೊಮೇನಿನಲ್ಲಿ (ವೆಬ್ ವಿಳಾಸದಲ್ಲಿ) ಇರಬೇಕು, ಅವರು ಬಾಗಿಲು ಹಾಕಿದರೆ ಕೀಲಿ, ದಾಖಲೆ, ಫೋಟೋಗಳನ್ನು ನಿಮ್ಮ ಕೈಗೆ ಕೊಡಬೇಕು. ಇದಕ್ಕೆ ಒಪ್ಪದವರಲ್ಲಿ ಕೊಳ್ಳಬೇಡಿ. ಕೀಲಿ ನಿಮ್ಮ ಕೈಯಲ್ಲಿಲ್ಲದಿದ್ದರೆ, ಸರ್ವರ್ ನಿಂತ ದಿನ 424ರ ಸಹಿಯನ್ನು ಪರೀಕ್ಷಿಸಲು ಬೇರೆ ದಾರಿಯಿಲ್ಲ.